ಶಾಲೆಯ ಆಯ್ಕೆಯೂ ಹಳ್ಳಿಯ ಶಾಲೆಯೂ

ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಪ್ರಶ್ನೆ ನಮ್ಮ ತಾತಂದಿರ ಕಾಲದಲ್ಲಿ ಏಳುತ್ತಿರಲಿಲ್ಲ. ಶಾಲೆಗೆ ಕಳುಹಿಸುವುದೋ ದನದ ಹಿಂದೆ ಕಳುಹಿಸುವುದೋ ಎಂಬುದೇ ಆಗಿನ ಪ್ರಶ್ನೆ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿಯೇ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಗಿ, ಆಯ್ದ ಕೆಲವು ಸ್ಥಳಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯವಾಯಿತು. ನಾಲೆಯ ನೀರು ಬಂದು, ಕಬ್ಬಿನ ದುಡ್ಡು ಕೈಗೆ ಸಿಕ್ಕಿ, 1939ರಲ್ಲಿ ಮಂಡ್ಯವು ಬೇರೆ ಜಿಲ್ಲೆಯೂ ಆದ ಮೇಲೆ, ಈ ಸೀಮೆಯ ರೈತರಿಗೆ ಮಕ್ಕಳ ಓದಿನ ಮೇಲೆ ಆಸೆ ಹುಟ್ಟಿತು. ಶ್ರೀ ಕೆ. ವಿ. ಶಂಕರಗೌಡರು ಮುಂದೆ ನಿಂತು ಕಟ್ಟಿದ ಪಿ. ಇ. ಎಸ್. ಇಂಜಿನಿಯರಿಂಗ್ ಕಾಲೇಜು 1962ರಲ್ಲಿ ಮಂಡ್ಯದಲ್ಲಿ ಆರಂಭವಾಯಿತು. ಅದೂ ಖಾಸಗಿ ಪ್ರಯತ್ನವೇ ಸರಿ. ಆದರೆ ಊರಿನಲ್ಲಿ ಇಲ್ಲದಿದ್ದುದನ್ನು ಉಂಟುಮಾಡಿದ ಪ್ರಯತ್ನ. ಇಂದು ನಾವು ಆಯ್ಕೆ ಎಂದು ಕರೆಯುವುದು ಇದಕ್ಕಿಂತ ಭಿನ್ನವಾದುದು. ಊರಿನಲ್ಲಿ ಇರುವ ಶಾಲೆಯನ್ನು ಬಿಟ್ಟು ಬೇರೊಂದಕ್ಕೆ ಹೋಗುವುದೇ ಈಗಿನ ಆಯ್ಕೆ. ಹೀಗೆ ಹೋದವರಿಗೂ ಉಳಿದವರಿಗೂ ಇದರಿಂದ ಏನಾಗುತ್ತದೆಂಬುದನ್ನು ನಮ್ಮ ಮೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮಂಡ್ಯ ಮತ್ತು ಮದ್ದೂರು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿವೆ, ರೈಲೂ ಉಂಟು. ಮಳವಳ್ಳಿಗೆ ರೈಲಿಲ್ಲ. ಹಲಗೂರಿನಿಂದಾಚೆ ಕಾಡಂಚಿನ ಹಳ್ಳಿಗಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದುದರಿಂದ ಮೂರು ತಾಲ್ಲೂಕಿನ ತಾಯಿತಂದೆಗಳಿಗೂ ಕಾನೂನಿನಲ್ಲಿ ಹಕ್ಕು ಒಂದೇ ಆದರೂ ಅದು ರಸ್ತೆ ಇದ್ದಷ್ಟು ದೂರ ಮಾತ್ರ ನಡೆಯುತ್ತದೆ. ಹೆದ್ದಾರಿಯ ಪಕ್ಕದ ಊರಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಟೈ ಕಟ್ಟಿದ ಮಕ್ಕಳು ಹತ್ತುತ್ತಾರೆ. ಕಟ್ಟದವರು ಸರ್ಕಾರಿ ಶಾಲೆಯ ಜಗುಲಿಯಲ್ಲಿ ಕುಳಿತು ನೋಡುತ್ತಾರೆ. ಕಾನ್ವೆಂಟಿಗೆ ಏಕೆ ಹಾಕಿದಿರೆಂದು ಊರಿನ ಹಿರಿಯರೊಬ್ಬರನ್ನು ಕೇಳಿದೆ. “ನಮ್ ಹೈಕ್ಳು ನಾಕಕ್ಷರ ಇಂಗ್ಲೀಷು ಕಲೀಲಿ ಅಂತ ಕಣಪ್ಪ. ನಾವಂತೂ ಗದ್ದೇಲೇ ಕಳ್ದೋದೋ” ಎಂದರು. ಈ ಮಾತಿಗೆ ಎದುರಾಡುವ ಅರ್ಹತೆ ಯಾರಿಗಿದೆ? ಸರ್ಕಾರಿ ಶಾಲೆಯ ಉಪಾಧ್ಯಾಯರೇ ಎಷ್ಟೋ ಮಂದಿ ತಮ್ಮ ಮಕ್ಕಳನ್ನು ಅದೇ ವ್ಯಾನಿಗೆ ಹತ್ತಿಸುತ್ತಾರೆ.

ಆದರೆ ವ್ಯಾನು ಹೊರಟ ಮೇಲೆ ಹಿಂದೆ ಉಳಿಯುವ ಲೆಕ್ಕವೊಂದಿದೆ. 2009ರ ಶಿಕ್ಷಣ ಹಕ್ಕು ಶಾಸನದ ಅನುಬಂಧದಂತೆ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. 61ರಿಂದ 90ರವರೆಗೆ ಮೂವರು. 62 ಮಕ್ಕಳಿರುವ ಶಾಲೆಯಿಂದ ಒಂದು ಮನೆಯ ಇಬ್ಬರು ಮಕ್ಕಳು ಹೋದರೆಂದು ಇಟ್ಟುಕೊಳ್ಳಿ. ಹೋದದ್ದು ಎರಡು ಮಕ್ಕಳು. ಆದರೆ ಶಾಲೆಗೆ ಮೂರನೆಯ ಉಪಾಧ್ಯಾಯರ ಹಕ್ಕೇ ತಪ್ಪುತ್ತದೆ. ಉಳಿದ ಇಬ್ಬರಲ್ಲಿ ಒಬ್ಬರು ಒಂದರಿಂದ ಮೂರನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿ ನಲಿ–ಕಲಿ ನಡೆಸಬೇಕು. ಇನ್ನೊಬ್ಬರು ನಾಲ್ಕು ಐದನ್ನು ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ತಾಲ್ಲೂಕು ಕಚೇರಿಯ ಸಭೆಗೂ ಹೋಗಬೇಕು. ಇಬ್ಬರಲ್ಲೊಬ್ಬರು ರಜೆ ಹಾಕಿದ ದಿನ ಐದು ತರಗತಿಗೂ ಒಬ್ಬರೇ. ಇದನ್ನು ಕಂಡ ಮತ್ತೆರಡು ಮನೆಯವರು ಮುಂದಿನ ಜೂನಿನಲ್ಲಿ ವ್ಯಾನಿನವನ ಫೋನ್ ನಂಬರು ಕೇಳುತ್ತಾರೆ. ಮೊದಲು ಹೋದವರು ಆರಿಸಿಕೊಂಡು ಹೋದರು. ಆಮೇಲೆ ಹೋದವರು ನಿರ್ವಾಹವಿಲ್ಲದೆ ಹೋದರು. ಕಡೆಗೆ ಉಳಿದ ಕೂಲಿಯವರ ಮಕ್ಕಳಿಗೆ ಆಯ್ಕೆ ಎಂಬ ಮಾತೇ ಇಲ್ಲ.

ಈ ವಿಚಾರವನ್ನು ಪಂಡಿತರು ಬೇರೆ ರೀತಿಯಲ್ಲಿ ನೋಡಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ, ಸರ್ಕಾರವು ಶಾಲೆಗಳನ್ನು ತಾನೇ ನಡೆಸುವ ಬದಲು ತಾಯಿತಂದೆಗಳ ಕೈಗೆ ವೋಚರು ಕೊಡಲಿ, ಅವರು ಬೇಕಾದ ಶಾಲೆಯನ್ನು ಆರಿಸಿಕೊಳ್ಳಲಿ, ಪೈಪೋಟಿಯಿಂದ ಎಲ್ಲ ಶಾಲೆಗಳೂ ಸುಧಾರಿಸುತ್ತವೆ ಎಂದು ವಾದಿಸಿದನು. ಚಿಲಿ ದೇಶವು 1981ರಲ್ಲಿ ಇದನ್ನು ದೇಶಕ್ಕೆಲ್ಲ ಜಾರಿಗೆ ತಂದಿತು. ಷೇ ಮತ್ತು ಉರ್ಕಿಯೋಲಾ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಸರಾಸರಿ ಕಲಿಕೆ ಏರಿದ ಕುರುಹು ಕಾಣಲಿಲ್ಲ. ಅನುಕೂಲವಂತರ ಮಕ್ಕಳು ಸರ್ಕಾರಿ ಶಾಲೆಗಳನ್ನು ಬಿಟ್ಟದ್ದು ಮಾತ್ರ ಕಂಡಿತು.

ನಮಗೆ ಹತ್ತಿರದ ಉದಾಹರಣೆ ಆಂಧ್ರಪ್ರದೇಶದ್ದು. ಅಲ್ಲಿ 2008ರಲ್ಲಿ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಚೀಟಿ ಎತ್ತಿ, ಗೆದ್ದ ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳಾದ ಮೇಲೂ ತೆಲುಗಿನಲ್ಲಿ, ಗಣಿತದಲ್ಲಿ ಗೆದ್ದವರಿಗೂ ಸೋತವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಸ್ಪಷ್ಟವಾಗಿ ಮುಂದಿದ್ದರು. ಖಾಸಗಿ ಶಾಲೆಗಳು ಒಂದೊಂದು ಮಗುವಿಗೆ ಮಾಡುವ ವೆಚ್ಚ ಸರ್ಕಾರಿ ಶಾಲೆಯದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಎಂಬುದೂ ಅದರಲ್ಲಿದೆ. ಹಿಂದೆ ಉಳಿದ ಮಕ್ಕಳ ಅಂಕಗಳಿಗೆ ಧಕ್ಕೆಯಾದಂತೆ ಕಾಣಲಿಲ್ಲವೆಂದೂ ಆ ಅಧ್ಯಯನ ಹೇಳುತ್ತದೆ. ಇದು ನನ್ನ ವಾದಕ್ಕೆ ವಿರುದ್ಧ. ಆದರೂ ಮುಚ್ಚಿಡುವುದು ನ್ಯಾಯವಲ್ಲ. ನಾನು ಹೇಳಬಹುದಾದುದು ಇಷ್ಟೇ: ನಾಲ್ಕು ವರ್ಷಗಳ ಅಂಕಪಟ್ಟಿ ಒಂದು, ಹತ್ತು ಹದಿನೈದು ವರ್ಷಗಳಲ್ಲಿ ಶಾಲೆಯೇ ಬರಿದಾಗುವುದು ಇನ್ನೊಂದು. ಬಾಗಿಲು ಮುಚ್ಚಿದ ಶಾಲೆಯಲ್ಲಿ ಅಳೆಯಲು ಅಂಕಗಳೂ ಇರುವುದಿಲ್ಲ.

ನಮ್ಮಲ್ಲಿ ವೋಚರಿಗೆ ತೀರ ಹತ್ತಿರವಾದ ಏರ್ಪಾಡೆಂದರೆ ಅದೇ ಶಾಸನದ 12ನೆಯ ಪ್ರಕರಣ. ಖಾಸಗಿ ಶಾಲೆಗಳು ನೆರೆಹೊರೆಯ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಶೇಕಡ 25 ಸ್ಥಾನಗಳನ್ನು ಕೊಡಬೇಕು, ವೆಚ್ಚವನ್ನು ಸರ್ಕಾರದವರು ಭರಿಸಬೇಕು. ಇದನ್ನು ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಕರ್ನಾಟಕದಲ್ಲಿ 2012–13ರಿಂದ ಜಾರಿಗೆ ಬಂದಿತು. ಜನರ ಬಾಯಲ್ಲಿ ಅದು ‘ಆರ್.ಟಿ.ಇ. ಸೀಟು’.

ನಮ್ಮ ಅಕ್ಕನ ಮಗನಿಗೆ 2016ರಲ್ಲಿ ಇಂಥ ಸೀಟು ಸಿಕ್ಕಿತು. ಮನೆಯಲ್ಲಿ ಹಬ್ಬವೇ ಆಯಿತೆನ್ನಬೇಕು. ಸಂಜೆ ಅವನು ತರುತ್ತಿದ್ದ ಇಂಗ್ಲಿಷ್ ಡೈರಿಯನ್ನು ಓದಿ ಹೇಳುವುದಕ್ಕೆ ಮನೆಯಲ್ಲಿದ್ದವನು ನಾನೊಬ್ಬನೇ; ನನ್ನ ಇಂಗ್ಲಿಷಾದರೂ ಊರಿನ ಶಾಲೆಯದು. ಶುಲ್ಕವಿಲ್ಲವೆಂದರೂ ವ್ಯಾನಿಗೆ, ಸಮವಸ್ತ್ರಕ್ಕೆ, ಶೂಗಳಿಗೆ ದುಡ್ಡು ಬೇಕಾಯಿತು; ಅಕ್ಕ ಒಂದು ಕರು ಮಾರಿದಳು. ಹುಡುಗ ಚೆನ್ನಾಗಿಯೇ ಓದಿದ. ಆದರೆ ಶಾಸನದ ಉಚಿತ ವಿದ್ಯಾಭ್ಯಾಸ ಎಂಟನೆಯ ತರಗತಿಗೆ ಮುಗಿಯುತ್ತದೆ. 2024ರಲ್ಲಿ ಒಂಬತ್ತಕ್ಕೆ ಪೂರ್ಣ ಶುಲ್ಕ ಕಟ್ಟಬೇಕೆಂದಾಗ ಅವನನ್ನು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ, ಕನ್ನಡ ಮಾಧ್ಯಮಕ್ಕೆ ಸೇರಿಸಲಾಯಿತು. ಎಂಟು ವರ್ಷ ‘ಫೋಟೋಸಿಂಥೆಸಿಸ್’ ಎಂದು ಉರುಹೊಡೆದವನು ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಮಂತ್ರದಂತೆ ನೋಡುತ್ತ ಕುಳಿತನು. ಎಸ್.ಎಸ್.ಎಲ್.ಸಿ.ಗೆ ಉಳಿದದ್ದು ಎರಡೇ ವರ್ಷ. ಅವನು ಬಿಟ್ಟುಬಂದ ಶಾಲೆಯೂ ತಪ್ಪುಮಾಡಲಿಲ್ಲ, ಸೇರಿದ ಶಾಲೆಯೂ ತಪ್ಪುಮಾಡಲಿಲ್ಲ. ಇವೆರಡರ ನಡುವೆ ಸೇತುವೆ ಬೇಕೆಂದು ಶಾಸನ ಬರೆದವರಿಗೆ ತೋಚಲಿಲ್ಲ, ಅಷ್ಟೆ.

2019ರಲ್ಲಿ ರಾಜ್ಯ ಸರ್ಕಾರವು ನಿಯಮವನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸ್ಥಾನಗಳನ್ನು ಕೊಡಬೇಕಾಗಿಲ್ಲವೆಂದು ಮಾಡಿತು. ರಾಜ್ಯದ ಉಚ್ಚ ನ್ಯಾಯಾಲಯವು ಅದೇ ವರ್ಷ ಇದನ್ನು ಒಪ್ಪಿತು. ಸರ್ಕಾರಿ ಶಾಲೆಯಿಲ್ಲದ ಊರು ನಮ್ಮಲ್ಲಿ ಎಲ್ಲಿದೆ? ಲಕ್ಷಕ್ಕೂ ಮಿಕ್ಕಿದ್ದ ಸೀಟುಗಳು ಒಂದೇ ವರ್ಷದಲ್ಲಿ ಕೆಲವೇ ಸಾವಿರಗಳಿಗೆ ಇಳಿದವು. ಸರ್ಕಾರದ ಹಣ ಸರ್ಕಾರದ ಶಾಲೆಗೇ ಸಲ್ಲಲಿ ಎಂಬ ತತ್ವ ನನಗೂ ಒಪ್ಪಿಗೆ. ಆದರೆ ಈ ತಿದ್ದುಪಡಿಯಿಂದ ವ್ಯಾನು ನಿಲ್ಲಲಿಲ್ಲ. ದುಡ್ಡಿದ್ದವರು ಹತ್ತುತ್ತಲೇ ಇದ್ದಾರೆ. ಕೆಳಗಿಳಿದವರು ಬಡವರ ಮಕ್ಕಳು ಮಾತ್ರ. ಊರ ಶಾಲೆಯನ್ನು ಉಳಿಸುವ ಭಾರವನ್ನು ಹೊರಬೇಕಾದವರು ಅವರೊಬ್ಬರೆಯೇ?

ಇನ್ನು ಮಾಧ್ಯಮದ ಮಾತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ 1994ರ ಆಜ್ಞೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪಿತ್ತು, ಮಾಧ್ಯಮದ ಆಯ್ಕೆ ಮಗುವಿನ ಮತ್ತು ತಾಯಿತಂದೆಗಳ ಹಕ್ಕೆಂದೂ ಸರ್ಕಾರ ಹೇರುವಂತಿಲ್ಲವೆಂದೂ ಸಾರಿತು. ಆ ಮೇಲೆ 2019–20ರಲ್ಲಿ ಸರ್ಕಾರವು ತಾನೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಸಾಹಿತಿಗಳು ವಿರೋಧಿಸಿದರು, ಅವರ ಕಳವಳ ಪೊಳ್ಳಲ್ಲ. ಮಗು ಮೊದಲು ತನ್ನ ನುಡಿಯಲ್ಲಿಯೇ ಕಲಿಯಬೇಕೆಂದು ನಾನೂ ನಂಬುತ್ತೇನೆ. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಅದರಿಂದ ನಷ್ಟವಾಗಿಲ್ಲ. ಆದರೆ ಊರಿನ ಶಾಲೆಯಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಒಬ್ಬ ಉಪಾಧ್ಯಾಯರಿದ್ದಿದ್ದರೆ, ನಾನು ಕಂಡ ಮನೆಗಳಲ್ಲಿ ಅರ್ಧದಷ್ಟು ಮಂದಿ ವ್ಯಾನಿಗೆ ದುಡ್ಡು ಕಟ್ಟುತ್ತಿರಲಿಲ್ಲ. ಅವರು ಬಯಸಿದ್ದು ಇಂಗ್ಲಿಷನ್ನು; ಮಾಧ್ಯಮವೆಂಬುದು ಅದರ ಜೊತೆಗೆ ಕಟ್ಟಿಕೊಟ್ಟ ಗಂಟು.

ಸಣ್ಣ ಶಾಲೆಗೆ ಮೂರನೆಯ ಉಪಾಧ್ಯಾಯರನ್ನು, ಮಕ್ಕಳ ಸಂಖ್ಯೆ 60ಕ್ಕೆ ಇಳಿದ ಮಾತ್ರಕ್ಕೆ ತೆಗೆಯದೆ, ಕೆಲವು ವರ್ಷಗಳಾದರೂ ಉಳಿಸಿಕೊಡಬೇಕೆಂಬುದು ನನ್ನ ಮೊದಲ ಸೂಚನೆ. ಅದಕ್ಕಿಂತ ಅವಸರದ್ದು ಇನ್ನೊಂದಿದೆ. ತಿದ್ದುಪಡಿಗೆ ಮುಂಚಿನ ವರ್ಷ, ಅಂದರೆ 2018–19ರಲ್ಲಿ, ಒಂದನೆಯ ತರಗತಿಗೆ ಸೇರಿದ ಮಕ್ಕಳಿಗೆ ಎಂಟನೆಯ ತರಗತಿ 2025–26ರದು. ಅದೇ ವರ್ಷ ಎಲ್.ಕೆ.ಜಿ.ಗೆ ಸೇರಿದವರಿಗೆ 2027–28ರದು. ಆ ಮಕ್ಕಳು ಒಂಬತ್ತನೆಯ ತರಗತಿಯ ಬಾಗಿಲಿಗೆ ಬರುವಾಗ ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರತಿ ಹೋಬಳಿಯಲ್ಲಿಯೂ ಒಂದು ಸರ್ಕಾರಿ ಪ್ರೌಢಶಾಲೆಯಾದರೂ ಎರಡು ಮಾಧ್ಯಮಗಳ ತರಗತಿಗಳನ್ನಿಟ್ಟುಕೊಂಡು, ವಿಜ್ಞಾನದ ಪದಗಳನ್ನು ಎರಡು ಭಾಷೆಗಳಲ್ಲಿಯೂ ಹೇಳಿಕೊಡಬಲ್ಲ ಉಪಾಧ್ಯಾಯರೊಡನೆ ಸಿದ್ಧವಾಗಿರಬೇಕು. ಇದಕ್ಕೆ ಹೊಸ ಶಾಸನ ಬೇಕಾಗಿಲ್ಲ, ಇಲಾಖೆಯ ಒಂದು ಆಜ್ಞೆ ಸಾಕು.