ಪರದೇಶ ಪ್ರವಾಸಕ್ಕೆ ಮಾರ್ಗದರ್ಶಿಯ ಆಯ್ಕೆ

ಪರದೇಶಕ್ಕೆ ಹೊರಡುವವರಿಗೆ ಎರಡು ಬಗೆಯ ಪುಸ್ತಕಗಳು ದೊರೆಯುತ್ತವೆ: ಪ್ರವಾಸಕಥನ ಮತ್ತು ಮಾರ್ಗದರ್ಶಿ. ನಮ್ಮ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಮೊದಲನೆಯ ಬಗೆಯದು. ಅದರಿಂದ ಹೊರಡುವ ಹಂಬಲ ಹುಟ್ಟೀತು. ಆದರೆ ಇಂದಿನ ಲಂಡನ್ನಿನಲ್ಲಿ ಯಾವ ಬಸ್ಸು ಹತ್ತಬೇಕೆಂಬುದನ್ನು ಅದರಲ್ಲಿ ಹುಡುಕಲಾಗದು. ಅದು ಮಾರ್ಗದರ್ಶಿಯ ಕೆಲಸ. ಮನೆಯವರು ಕೂಡಿಟ್ಟ ಹಣದಿಂದ ಮೊದಲ ಸಲ ಹೊರಡುವವರಿಗೆ ಮಾರ್ಗದರ್ಶಿ ಸುಳ್ಳಾದರೆ ಹಣವೂ ದಿನಗಳೂ ವ್ಯರ್ಥವಾಗುತ್ತವೆ.

ಕಾಣದ ದೇಶದ ಪುಸ್ತಕವನ್ನು ಪರೀಕ್ಷಿಸುವುದು ಹೇಗೆ? ನಾನು ಸೂಚಿಸುವ ಉಪಾಯ ಸುಲಭವಾದುದು. ಅದೇ ಪ್ರಕಾಶಕರು ಭಾರತದ ಬಗೆಗೆ ಹೊರತಂದ ಸಂಪುಟದಲ್ಲಿ ನಾವು ಬಲ್ಲ ಊರಿನ ಪುಟವನ್ನು ಓದಬೇಕು. ಲೇಖಕರು ಬೇರೆಯಾದರೂ ಸಂಪಾದನೆಯ ಶಿಸ್ತು ತಿಳಿಯುತ್ತದೆ. ನಮ್ಮೂರಿನ ದೊಡ್ಡಹುಣಸೆ ಮಠದ ಮರಗಳು ಹೆಸರಿಗೆ ಹುಣಸೆ. ನಿಜವಾಗಿ ಆಫ್ರಿಕಾ ಮೂಲದ ಬಾವೊಬಾಬ್. ಅವನ್ನು ಸಾಮಾನ್ಯ ಹುಣಸೆಯೆಂದು ಬರೆದವರು ಹೆಸರನ್ನು ಕೇಳಿದ್ದಾರೆ, ಮರವನ್ನು ನೋಡಿಲ್ಲ. ಸವಣೂರು ಧಾರವಾಡ ಜಿಲ್ಲೆಯಲ್ಲಿದೆಯೆಂದಿದ್ದರೆ, 1997ರಲ್ಲಿ ಹಾವೇರಿ ಜಿಲ್ಲೆಯಾದ ಸಂಗತಿ ಆ ಪುಸ್ತಕಕ್ಕೆ ತಿಳಿಯದು. ಸವಣೂರಿನ ಹೆಸರೇ ಇರದಿದ್ದರೆ ಹಂಪೆಯ ಪುಟವನ್ನು ತೆರೆಯಿರಿ; 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಹೆಸರು ಅಲ್ಲಿದೆಯೇ ನೋಡಿರಿ.

ಅನಂತರ ಕೊಳ್ಳಬೇಕಾದ ಪುಸ್ತಕದಲ್ಲೇ ಮೂರು ಅಂಶಗಳನ್ನು ಗಮನಿಸಬೇಕು: ಪರಿಷ್ಕರಣದ ವರ್ಷ, ಅಳತೆಯುಳ್ಳ ನಕ್ಷೆ, ಮತ್ತು ಅಲ್ಪ ವೆಚ್ಚದ ಊಟ-ವಸತಿಯ ವಿವರ. ಮರುಮುದ್ರಣದ ವರ್ಷವನ್ನು ಪರಿಷ್ಕರಣದ ವರ್ಷವೆಂದು ಭಾವಿಸಬಾರದು. ವೀಸಾ ನಿಯಮಗಳು ಮಾತ್ರ ಪುಸ್ತಕಕ್ಕಿಂತ ಬೇಗ ಬದಲಾಗುವುದರಿಂದ ಅವನ್ನು ಆಯಾ ದೇಶದ ರಾಯಭಾರ ಕಚೇರಿಯಿಂದಲೇ ತಿಳಿಯುವುದು ಕ್ಷೇಮ. ಬಲ್ಲ ಊರಿನ ವಿಷಯದಲ್ಲಿ ನಂಬಿಕೆಗೆ ಯೋಗ್ಯವಾದ ಮಾರ್ಗದರ್ಶಿಯನ್ನೇ ಅರಿಯದ ಊರಿಗೆ ಒಯ್ಯೋಣ.