ವಜಾ ಆದ ಅರ್ಜಿ

ಕೊಡಗಿನ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆ. ವಿವಾಹವಾದರೆ ರಾಜೀನಾಮೆ ನೀಡುವೆನೆಂಬ ಮುಚ್ಚಳಿಕೆಗೆ ಅಂದು ಅವರು ಸಹಿ ಹಾಕಬೇಕಾಯಿತು. ಪುರುಷರಿಗೆ ಈ ಕಟ್ಟುಪಾಡಿರಲಿಲ್ಲ! 1961ರ ಸೇವಾನಿಯಮಗಳೂ ಇದೇ ಜಾಡಿನವು. ಮಹಿಳಾ ಅಧಿಕಾರಿಯು ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಹೊಣೆಯು ಕರ್ತವ್ಯಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ, ಮದುವೆಯ ನಂತರ ಆಕೆ ಹುದ್ದೆಯನ್ನೇ ತೊರೆಯಬೇಕು.

ಮುತ್ತಮ್ಮನವರು ಹಂಗೇರಿಯಲ್ಲಿ ರಾಯಭಾರಿಯಾದರು. ಆದರೂ ಮೇಲ್ದರ್ಜೆಯ ಬಡ್ತಿಯ ವೇಳೆ ಅವರನ್ನು ಕೈಬಿಡಲಾಯಿತು; ಕಿರಿಯರು ಮುಂದೆ ಹೋದರು. ಸ್ತ್ರೀಯೆಂಬ ಕಾರಣಕ್ಕೆ ತಮಗೆ ಅನ್ಯಾಯವಾಗಿದೆಯೆಂದು ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಸೇವೆಯಲ್ಲಿದ್ದುಕೊಂಡೇ ಸರ್ಕಾರವನ್ನು ನ್ಯಾಯಾಲಯಕ್ಕೆಳೆಯುವ ಎದೆಗಾರಿಕೆ ಎಷ್ಟು ಜನರಿಗುಂಟು?

ತೀರ್ಪು ಬರುವುದರೊಳಗಾಗಿ ಸರ್ಕಾರವು ಅವರಿಗೆ ಬಡ್ತಿ ನೀಡಿತ್ತು. ಹೀಗಾಗಿ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠವು ಅರ್ಜಿಯನ್ನು ವಜಾ ಮಾಡಿತು. ಆದರೆ ಸುಮ್ಮನೆ ವಜಾ ಮಾಡಲಿಲ್ಲ. ಸಂಸಾರದ ಹೊಣೆಯು ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಪುರುಷನಿಗೂ ಆಗಬಹುದಲ್ಲವೇ ಎಂದು ಅದು ಪ್ರಶ್ನಿಸಿತು. ಮುತ್ತಮ್ಮನವರ ಜ್ಯೇಷ್ಠತೆಯನ್ನು ಪುನಃ ಪರಿಶೀಲಿಸುವಂತೆ ಸೂಚಿಸಿತು. ಮದುವೆಗೆ ಅನುಮತಿ ಬೇಡುವ ನಿಯಮವನ್ನು ತೆಗೆದುಹಾಕುತ್ತಿರುವುದಾಗಿ ಸರ್ಕಾರವೂ ತಿಳಿಸಿತು. ಅರ್ಜಿದಾರರು ಮುಂದೆ ನೆದರ್ಲೆಂಡ್ಸಿನಲ್ಲಿ ರಾಯಭಾರಿಯಾಗಿದ್ದು, 1982ರಲ್ಲಿ ನಿವೃತ್ತರಾದರು.