ಪೊರೆ ಕಳಚಿ ಬೆಳೆಯುವ ಜೇಡ: ಮರವಾಸಿ ಟರಾಂಟುಲಾಗಳ ಬೆಳವಣಿಗೆ ಮತ್ತು ಪ್ರೌಢಾವಸ್ಥೆ

ಕಳೆದ ಬೇಸಿಗೆ ರಜೆಯಲ್ಲಿ ಮನೆಯ ಅಟ್ಟ ಗುಡಿಸುವಾಗ ಟ್ರಂಕಿನ ಹಿಂದೆ ಒಂದು ದೊಡ್ಡ ಜೇಡ ಸತ್ತು ಬಿದ್ದಿತ್ತು. ಜೇಡವನ್ನು ಕೊಲ್ಲಬಾರದು ಎಂದು ದಾದಿ ಯಾವಾಗಲೂ ಹೇಳುತ್ತಾರೆ. ಆದ್ದರಿಂದ ಹೆದರಿ ಅವರನ್ನು ಕರೆದೆ. ಅವರು ಅದನ್ನು ಬೆರಳಲ್ಲಿ ಎತ್ತಿ, "ಖಾಲಿ ಹೈ ಬೇಟಾ" ಎಂದರು. ನೋಡಿದರೆ ಅದು ಜೇಡವಲ್ಲ, ಜೇಡ ಬಿಟ್ಟುಹೋದ ಪೊರೆ. ಎಂಟು ಕಾಲುಗಳೂ ಹಾಗೆಯೇ ಇದ್ದವು! ಅಂದಿನಿಂದ ಜೇಡಗಳು ಹೇಗೆ ಬೆಳೆಯುತ್ತವೆ ಎಂದು ಓದತೊಡಗಿದೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದರೂ ಈ ವಿಷಯ ನಮ್ಮ ಲೆಕ್ಕಶಾಸ್ತ್ರಕ್ಕೆ ಅಷ್ಟೊಂದು ದೂರವಿಲ್ಲ ಎಂದು ಓದುತ್ತಾ ತಿಳಿಯಿತು.

ಯಾವ ಜೇಡಗಳು?

ಟರಾಂಟುಲಾ ಎಂದರೆ ಮೈತುಂಬ ರೋಮವಿರುವ ದೊಡ್ಡ ಜೇಡ. ಇವುಗಳಲ್ಲಿ ಕೆಲವು ನೆಲದಲ್ಲಿ ಬಿಲ ಮಾಡಿದರೆ, ಕೆಲವು ಮರದ ಪೊಟರೆ ಮತ್ತು ತೊಗಟೆಯ ಸಂದಿಯಲ್ಲಿ ಬಲೆ ಕಟ್ಟಿಕೊಂಡು ಬದುಕುತ್ತವೆ. ಎರಡನೆಯವು ಮರವಾಸಿಗಳು. ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಮರವಾಸಿ ಕುಲವೊಂದರ ಹೆಸರು ಪೊಸಿಲೊಥೀರಿಯಾ. ಯೂರೋಪ್ ಮತ್ತು ಅಮೆರಿಕದ ಹವ್ಯಾಸಿಗಳು ಇವನ್ನು ಹಲವು ದಶಕಗಳಿಂದ ಗಾಜಿನ ಪೆಟ್ಟಿಗೆಗಳಲ್ಲಿ ಸಾಕಿ ಮರಿ ಮಾಡಿಸುತ್ತಿದ್ದಾರೆ. ಅವರು ಬಹುಕಾಲ ನೋಡಿ ಕಂಡುಕೊಂಡ ಸಂಗತಿಗಳು ಈ ಲೇಖನಕ್ಕೆ ಆಧಾರ.

ಬೆಳವಣಿಗೆ ಮೆಟ್ಟಿಲು ಮೆಟ್ಟಿಲಾಗಿ

ನಮ್ಮ ಮೂಳೆ ಒಳಗಿದೆ. ಜೇಡಕ್ಕೆ ಮೂಳೆಯಿಲ್ಲ, ಹೊರಗೆ ಗಟ್ಟಿ ಕವಚವಿದೆ. ಕವಚ ಹಿಗ್ಗುವುದಿಲ್ಲ. ಆದ್ದರಿಂದ ಜೇಡ ದಿನವೂ ತಿಂದರೂ ದಿನವೂ ದೊಡ್ಡದಾಗುವುದಿಲ್ಲ. ತಿಂದದ್ದು ಹೊಟ್ಟೆಭಾಗದಲ್ಲಿ ಕೂಡುತ್ತಾ ಹೋಗುತ್ತದೆ. ಒಳಗೆ ಹೊಸ ಕವಚ ಸಿದ್ಧವಾದ ಮೇಲೆ ಹಳೆಯದು ಬಿರಿದು, ಜೇಡ ಅದರಿಂದ ಹೊರಬರುತ್ತದೆ. ಹೊಸ ಕವಚ ಮೆತ್ತಗಿರುವ ಸ್ವಲ್ಪ ಹೊತ್ತಿನಲ್ಲೇ ಮೈ ಹಿಗ್ಗಬೇಕು. ವ್ಯಾಪಾರದಲ್ಲಿ ವಹಿವಾಟು ದಿನವೂ ನಡೆದರೂ ಲಾಭ ನಿರ್ಧಾರವಾಗುವುದು ಲೆಕ್ಕ ಮುಚ್ಚುವ ದಿನವಲ್ಲವೇ, ಹಾಗೆ.

ಪೊರೆ ಬಿಡುವ ಮುನ್ನ ಕೆಲವು ಲಕ್ಷಣಗಳು ಕಾಣುತ್ತವೆ.

1. ಜೇಡ ಆಹಾರ ಮುಟ್ಟುವುದಿಲ್ಲ.
2. ಹೊಟ್ಟೆಭಾಗ ಉಬ್ಬಿ, ಬಣ್ಣ ಗಾಢವಾಗುತ್ತದೆ.
3. ಮರವಾಸಿ ಜೇಡ ತನ್ನ ಬಲೆಯ ಗೂಡಿನ ಬಾಯಿ ಮುಚ್ಚಿ ಒಳಗೆ ಅಡಗುತ್ತದೆ.

ಇದು ಕಾಯಿಲೆಯಲ್ಲ. ಈ ಸಮಯದಲ್ಲಿ ಜೀವಂತ ಹುಳುವನ್ನು ಒಳಗೆ ಬಿಟ್ಟರೆ ಆ ಹುಳುವೇ ಮೆತ್ತಗಿನ ಜೇಡವನ್ನು ಕಚ್ಚಿ ಗಾಯ ಮಾಡಬಹುದು. ಪೊರೆ ಬಿಟ್ಟ ಮೇಲೂ ವಿಷದ ಹಲ್ಲುಗಳು ಬಿಳಿಯಾಗಿ ಮೆತ್ತಗಿರುತ್ತವೆ. ಅವು ಕಪ್ಪಾಗಿ ಗಟ್ಟಿಯಾಗುವ ತನಕ ಅನುಭವಿಗಳು ಆಹಾರ ಹಾಕುವುದಿಲ್ಲ. ಇನ್ನೊಂದು ಆಶ್ಚರ್ಯವಿದೆ. ಕಾಲು ಕಳೆದುಕೊಂಡ ಜೇಡಕ್ಕೆ ಮುಂದಿನ ಪೊರೆಗಳಲ್ಲಿ ಕಾಲು ಮತ್ತೆ ಬೆಳೆಯುತ್ತದೆ!

ಮರಿಗಳು ಬೇಗ ಬೇಗ ಪೊರೆ ಬಿಡುತ್ತವೆ. ದೊಡ್ಡದಾದಂತೆ ಅಂತರ ತಿಂಗಳುಗಳಿಗೆ ಏರುತ್ತದೆ. ಬೆಚ್ಚಗಿಟ್ಟು ಹೆಚ್ಚು ತಿನ್ನಿಸಿದರೆ ಬೇಗ ಬೆಳೆಯುತ್ತವೆ, ತಂಪಿನಲ್ಲಿ ಕಡಿಮೆ ತಿನ್ನಿಸಿದರೆ ನಿಧಾನ. ಆದ್ದರಿಂದ ಒಂದೇ ಮೊಟ್ಟೆಚೀಲದ ಮರಿಗಳು ಎರಡು ಮನೆಗಳಲ್ಲಿ ಬೆಳೆದರೆ ವರ್ಷದ ನಂತರ ಒಂದೇ ಅಳತೆಯಲ್ಲಿರುವುದಿಲ್ಲ.

ಗಂಡು ಮತ್ತು ಹೆಣ್ಣು

ಮರಿಗಳನ್ನು ನೋಡಿ ಗಂಡು ಹೆಣ್ಣು ಹೇಳುವುದು ಕಷ್ಟ. ಆದರೆ ಬಿಟ್ಟ ಪೊರೆ ಸುಳಿವು ಕೊಡುತ್ತದೆ. ಪೊರೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಹೊಟ್ಟೆಭಾಗದ ಮುಂದಿನ ಜೋಡಿ ಶ್ವಾಸಾಂಗಗಳ ನಡುವೆ ಭೂತಗನ್ನಡಿಯಲ್ಲಿ ನೋಡುತ್ತಾರೆ. ಅಲ್ಲಿ ವೀರ್ಯಾಣು ಸಂಗ್ರಹಿಸುವ ಚಿಕ್ಕ ಚೀಲದ ಗುರುತು ಇದ್ದರೆ ಹೆಣ್ಣು.

ಗಂಡು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಪ್ರೌಢವಾಗುತ್ತದೆ. ಕೊನೆಯ ಪೊರೆ ಬಿಟ್ಟಾಗ ಕಾಲು ಉದ್ದವಾಗಿ, ಮೈ ತೆಳ್ಳಗಾಗಿ, ಬಣ್ಣ ಮಂಕಾಗುತ್ತದೆ. ಬಾಯಿಯ ಪಕ್ಕದ ಎರಡು ಪುಟ್ಟ ಅಂಗಗಳ ತುದಿ ಗುಂಡಗಾಗುತ್ತದೆ. ಇದೇ ಪ್ರೌಢ ಗಂಡಿನ ಗುರುತು. ಅನೇಕ ಟರಾಂಟುಲಾ ಗಂಡುಗಳ ಮುಂಗಾಲಿನಲ್ಲಿ ಕೊಕ್ಕೆ ಇರುತ್ತದೆ, ಪೊಸಿಲೊಥೀರಿಯಾದಲ್ಲಿ ಅದಿಲ್ಲ. ಮುಂದೆ ಅದು ಸರಿಯಾಗಿ ತಿನ್ನದೆ ಹೆಣ್ಣನ್ನು ಹುಡುಕುತ್ತಾ ಅಲೆದು, ಕೆಲವು ತಿಂಗಳುಗಳಲ್ಲಿ ಸಾಯುತ್ತದೆ.

ಹೆಣ್ಣಿಗೆ ಪ್ರೌಢವಾಗಲು ಎರಡು ಮೂರು ವರ್ಷ ಬೇಕು. ಅದು ಹತ್ತು ವರ್ಷಕ್ಕೂ ಹೆಚ್ಚು ಬದುಕಬಹುದು, ಪ್ರೌಢವಾದ ಮೇಲೂ ಪೊರೆ ಬಿಡುತ್ತಲೇ ಇರುತ್ತದೆ. ಗಂಡಿನೊಂದಿಗೆ ಕೂಡಿದ ಮೇಲೆ ಮೊಟ್ಟೆಯಿಡುವ ಮೊದಲೇ ಪೊರೆ ಬಿಟ್ಟರೆ, ಆ ಚೀಲದ ಒಳಪದರವೂ ಪೊರೆಯೊಂದಿಗೆ ಹೋಗಿಬಿಡುತ್ತದೆ. ಅಷ್ಟು ದಿನದ ಶ್ರಮ ವ್ಯರ್ಥ.

ಇಲ್ಲಿ ಸಾಕುವವರಿಗೆ ಒಂದು ತೊಡಕು ಇದೆ. ಒಂದೇ ಚೀಲದ ಅಣ್ಣತಮ್ಮಂದಿರು ಪ್ರೌಢವಾಗಿ ಸಾಯುವ ಹೊತ್ತಿಗೆ ಅಕ್ಕತಂಗಿಯರು ಇನ್ನೂ ಬೆಳೆಯುತ್ತಿರುತ್ತಾರೆ. ಆದ್ದರಿಂದ ಹವ್ಯಾಸಿಗಳು ಬೇರೆಯವರ ಗಂಡನ್ನು ಎರವಲು ತಂದು, ಹುಟ್ಟಿದ ಮರಿಗಳಲ್ಲಿ ಪಾಲು ಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮೇಕೆಯನ್ನು ಪಾಲಿಗೆ ಸಾಕಲು ಕೊಡುವ ಹಾಗೆಯೇ ಇದು.

ಕಾಡಿನ ಲೆಕ್ಕ

ಸಾಕಿದ ಒಂದು ಹೆಣ್ಣಿನಿಂದ ಹತ್ತಾರು ಮರಿಗಳು ಸಿಗುವಾಗ ಕಾಡಿನಿಂದ ಕದಿಯುವುದೇಕೆ? ನನಗೆ ತೋಚಿದ ಉತ್ತರ: ಸಮಯ. ಸಾಕುವವನು ಎರಡು ಮೂರು ವರ್ಷ ಕಾಯಬೇಕು. ಕದಿಯುವವನಿಗೆ ಒಂದು ರಾತ್ರಿ ಸಾಕು. ಆ ವರ್ಷಗಳ ಖರ್ಚನ್ನು ಕಾಡು ಭರಿಸಿರುತ್ತದೆ. ಅದು ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ. ಪ್ರೌಢ ಹೆಣ್ಣೊಂದು ಹೋದರೆ ಮುಂದಿನ ಅಷ್ಟೂ ವರ್ಷಗಳ ಮರಿಗಳು ಹೋದಂತೆ. ಅಂದರೆ ಹೋಗುವುದು ಬಡ್ಡಿಯಲ್ಲ, ಬಂಡವಾಳ.

ಒಂದು ಉದಾಹರಣೆ ನೋಡಿ. ಆಂಧ್ರದ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ನೀಲಿ ಜೇಡವನ್ನು ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ವಿವರಿಸಿದರು. ಅದೇ ಪೊಸಿಲೊಥೀರಿಯಾ ಮೆಟಾಲಿಕಾ. ಆಮೇಲೆ ನೂರು ವರ್ಷ ಅದು ಕಾಣಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. 2008ರಿಂದ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಇತ್ತ ವಿದೇಶದ ಹವ್ಯಾಸಿಗಳ ಮನೆಗಳಲ್ಲಿ ಅದರ ಮರಿಗಳು ಮಾಮೂಲಿ!

ನಮ್ಮ ರಾಜ್ಯದ್ದೂ ಒಂದಿದೆ. 1895ರಲ್ಲಿ ಅದೇ ಪೋಕಾಕ್ ವಿವರಿಸಿದ ಪೊಸಿಲೊಥೀರಿಯಾ ಸ್ಟ್ರಿಯಾಟಾ. ಇಂಗ್ಲಿಷಿನಲ್ಲಿ ಅದರ ಹೆಸರಿನಲ್ಲೇ ಮೈಸೂರು ಇದೆ. ಅದು ಪಶ್ಚಿಮ ಘಟ್ಟದ ಮರಗಳಲ್ಲಿ ವಾಸಿಸುತ್ತದೆ. 2019ರಲ್ಲಿ ಈ ಇಡೀ ಕುಲವನ್ನು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದವಾದ ಸೈಟ್ಸ್‌ನ ಎರಡನೇ ಪಟ್ಟಿಗೆ ಸೇರಿಸಲಾಯಿತು. ಆ ಒಪ್ಪಂದವನ್ನು ಜಾರಿಗೆ ತರಲು 2022ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ತಿದ್ದುಪಡಿಯಾಯಿತು.

ಕೊನೆಯ ಮಾತು

ಪ್ರಿಯ ಸಹಪಾಠಿಗಳೇ, ಮೊಬೈಲಿನಲ್ಲಿ ಬಣ್ಣದ ಜೇಡಗಳ ವಿಡಿಯೋ ನೋಡಿ ನಮಗೂ ಒಂದು ಬೇಕು ಎನಿಸುವುದು ಸಹಜ. ನನಗೂ ಹಾಗೆಯೇ ಅನಿಸಿತ್ತು. ಆದರೆ ಪೊಸಿಲೊಥೀರಿಯಾ ಕಚ್ಚಿದರೆ ತೀವ್ರ ನೋವು, ದಿನಗಟ್ಟಲೆ ಸ್ನಾಯು ಸೆಳೆತ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ ನಮ್ಮ ಕಾಡಿನ ಜೇಡ ನಮ್ಮ ಸ್ವತ್ತಲ್ಲ, ನಮ್ಮ ಬಳಿ ಇರುವ ಅಮಾನತ್ತು. ಪ್ರವಾಸಕ್ಕೆ ಹೋದಾಗ ಮರದ ಪೊಟರೆಯಲ್ಲಿ ಕಂಡರೆ ದೂರದಿಂದ ನೋಡಿ ಬನ್ನಿ.

ದಾದಿ ಎತ್ತಿಕೊಟ್ಟ ಆ ಪೊರೆ ಈಗಲೂ ನನ್ನ ಜಾಮೆಟ್ರಿ ಬಾಕ್ಸಿನಲ್ಲಿದೆ. ಅದನ್ನು ಬಿಟ್ಟ ಜೇಡ ಅಟ್ಟದಲ್ಲೇ ಎಲ್ಲೋ ಇದೆ, ಮೊದಲಿಗಿಂತ ಸ್ವಲ್ಪ ದೊಡ್ಡದಾಗಿ.